ಸಹಿಯ ಹೊತ್ತು

ತಡವನ್ನು ಅಳೆಯಬಹುದೆಂದು ನನಗೆ ಹೇಳಿಕೊಟ್ಟವರು ಮದರಾಸಿನಿಂದ ಬಂದಿದ್ದ ಒಬ್ಬ ಸೋಪಿನ ಕಂಪನಿಯ ಇನ್ಸ್‌ಪೆಕ್ಟರು. ನಾನಾಗ ಹಾಸನದ ಒಂದು ಸಗಟು ಮಳಿಗೆಯಲ್ಲಿ ಗುಮಾಸ್ತ. ಇಸವಿ ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ವಯಸ್ಸು ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದವು, ನನ್ನ ಕೈಬರಹ ಮುತ್ತಿನ ಹಾಗಿದೆ ಎಂಬ ಜಂಬ ತಲೆಗೇರಿತ್ತು. ಸೋಪು, ಬೆಂಕಿಪೊಟ್ಟಣ, ಟೀ ಪುಡಿ ನಮ್ಮ ಮಳಿಗೆಗೆ ಬಂದು ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಅಂಗಡಿಗಳಿಗೆ ಹೋಗುತ್ತಿದ್ದವು. ಸಂತೆಯ ಹಿಂದಿನ ದಿನ ಮಾಲು ಕಳಿಸುವುದು, ಸಂತೆಯ ದಿನ ಬೆಳಿಗ್ಗೆ ಅದು ಅಂಗಡಿಗೆ ಮುಟ್ಟುವುದು, ಇದು ಪದ್ಧತಿ. ಮುಟ್ಟದಿದ್ದರೆ ಅಂಗಡಿಯವನು ಕಾಗದ ಬರೆದು ಯಜಮಾನರನ್ನು ಬೈಯುತ್ತಿದ್ದ, ಯಜಮಾನರು ನನ್ನನ್ನು ಬೈಯುತ್ತಿದ್ದರು, ನಾನು ಮಾಲು ಸಾಗಿಸಿದವನನ್ನು ಬೈಯುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಇನ್ಸ್‌ಪೆಕ್ಟರು ಬಂದ ದಿನ ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಮಾಲು ಸಾಗಿಸುವವರಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿಸುವವರು ಯಾರು, ಮುಟ್ಟಿಸದವರು ಯಾರು?

"ಎಲ್ರೂ ಮುಟ್ಟುಸ್ತಾರೆ ಸಾರ್. ಒಂದೊಂದ್ಸಲ ಎಚ್ಚು ಕಮ್ಮಿ ಆಯ್ತದೆ," ಎಂದರು ನಮ್ಮ ಯಜಮಾನರು.

"ಅಂದರೆ ನಿಮಗೆ ಗೊತ್ತಿಲ್ಲ," ಎಂದು ಇನ್ಸ್‌ಪೆಕ್ಟರು ತಮ್ಮ ಪುಸ್ತಕ ಮುಚ್ಚಿದರು. ಹಮಾಲಿಗಳೆಲ್ಲ ಅಲ್ಲೇ ನಿಂತಿದ್ದರು. ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಆರು ತಿಂಗಳು ಬರೆದಿಡಿ, ಮತ್ತೆ ಬರುತ್ತೇನೆ, ಬರಹ ಒಪ್ಪಿಗೆಯಾದರೆ ಕಂಪನಿಯ ಡಿಪೋ, ಅಂದರೆ ಇಡೀ ಜಿಲ್ಲೆಯ ಸರಬರಾಜು, ನಿಮಗೇ, ಪಟ್ಟಿಯಲ್ಲಿ ಕೊನೆಗೆ ಬಂದವನನ್ನು ಬಿಟ್ಟುಬಿಡಿ ಎಂದು ಹೇಳಿ ಇನ್ಸ್‌ಪೆಕ್ಟರು ಮಧ್ಯಾಹ್ನದ ರೈಲು ಹತ್ತಿದರು. ಅವರು ಹೋದ ಮೇಲೆ ಯಜಮಾನರು ನನ್ನನ್ನು ಕರೆದರು.

"ಯಾವನು ಎಷ್ಟೊತ್ಗೆ ಮುಟ್ಟುಸ್ದ ಅಂತ ಬರ್ಕೊಂಡು ಬಾರಯ್ಯಾ. ಡಿಪೋ ಬಂದ್ರೆ ನೀನೇ ಎಡ್ ಗುಮಾಸ್ತ."

ಆ ಮಾತು ಕೇಳಿದ ಮೇಲೆ ನನಗೆ ನೆಲ ಕಾಣಲಿಲ್ಲ. ದಪ್ಪ ರಟ್ಟಿನ ಹೊಸ ರಿಜಿಸ್ಟರು ತರಿಸಿದೆ. ಒಂದೊಂದು ಲೋಡಿಗೂ ಒಂದೊಂದು ಚೀಟಿ. ಹೊರಟ ಹೊತ್ತನ್ನು ನಾನು ಬರೆಯುವುದು. ಅಲ್ಲಿ ಅಂಗಡಿಯವನು ಸಹಿ ಹಾಕಿ, ಪಕ್ಕದಲ್ಲಿ ಹೊತ್ತು ನಮೂದಿಸುವುದು. ಚೀಟಿ ವಾಪಸು ಬಂದ ಮೇಲೆ ರಿಜಿಸ್ಟರಿಗೆ ಏರಿಸುವುದು. ಸಂತೆಯ ದಿನ ಬೆಳಿಗ್ಗೆ ಎಂಟು ಗಂಟೆ ಗಡುವು. ಎಂಟರೊಳಗಿದ್ದರೆ ಕಪ್ಪು ಮಸಿ, ದಾಟಿದರೆ ಕೆಂಪು. ಆ ಕಾಲಮ್ಮಿಗೆ ಏನು ಹೆಸರಿಡುವುದೆಂದು ಅರ್ಧ ದಿನ ಯೋಚಿಸಿ 'ಸಹಿಯ ಹೊತ್ತು' ಎಂದು ಬರೆದೆ. ಅದು ನನ್ನದೇ ಬುದ್ಧಿ. ಯಾರೂ ಹೇಳಿಕೊಟ್ಟದ್ದಲ್ಲ.

ಸಾಗಿಸುವವರು ನಾಲ್ಕು ಮಂದಿ. ಹೊಳೆನರಸೀಪುರಕ್ಕೆ ರೈಲು. ಅದು ಬಂದ ಹೊತ್ತಿಗೆ ಬರುತ್ತಿತ್ತು. ಬರದಿದ್ದರೂ ಅದನ್ನು ನಿಲ್ಲಿಸಿ ಬೈಯುವಷ್ಟು ದೊಡ್ಡವರು ನಾವಲ್ಲ. ಚನ್ನರಾಯಪಟ್ಟಣಕ್ಕೆ ಒಂದು ಲಾರಿ. ಡ್ರೈವರ್ ಶಾಂತಿಗ್ರಾಮದಲ್ಲಿ ಮದುವೆ ದಿಬ್ಬಣ ಕಂಡರೆ ಅದನ್ನೂ ಹತ್ತಿಸಿಕೊಂಡು, ಊಟ ಮುಗಿಸಿಯೇ ಮುಂದೆ ಹೋಗುವ ಆಸಾಮಿ. ಅರಕಲಗೂಡಿಗೆ ಮಾತ್ರ ಇಬ್ಬರು. ಹಗುರದ ಪೆಟ್ಟಿಗೆಗಳಿಗೆ ಒಂದು ಖಾಸಗಿ ಬಸ್ಸು, ಭಾರದ ಸೋಪಿನ ಪೆಟ್ಟಿಗೆಗಳಿಗೆ ಒಂದು ಎತ್ತಿನ ಗಾಡಿ. ಇಬ್ಬರೂ ಮುಟ್ಟಿಸಬೇಕಾದದ್ದು ಒಂದೇ ಅಂಗಡಿಗೆ, ಸಂತೆ ಬೀದಿಯ ದೊಡ್ಡ ಅಂಗಡಿಗೆ.

ಗಾಡಿಯವನು ಅರಕಲಗೂಡು ರಸ್ತೆಯ ಒಂದು ಹಳ್ಳಿಯವನು. ಊರಾಚೆಯ ಕೇರಿಯವನು. ಅವನ ಅಪ್ಪ ಆ ಊರ ಪಟೇಲರ ಮನೆಯಲ್ಲಿ ಜೀತಕ್ಕಿದ್ದು, ಪಟೇಲರ ಕೊಟ್ಟಿಗೆಯಲ್ಲೇ ಸತ್ತ. ಇವನು ಹುಡುಗನಾಗಿದ್ದಾಗಿನಿಂದ ಅಲ್ಲೇ ಸಗಣಿ ಬಾಚಿದವನು, ಹೇಗೋ ಏನೋ ಬಿಡಿಸಿಕೊಂಡು ಬಂದು, ಸ್ವಂತ ಎತ್ತು, ಸ್ವಂತ ಗಾಡಿ ಮಾಡಿಕೊಂಡಿದ್ದ. "ಎಷ್ಟು ದಿನ ಓಡಾಡ್ತೀಯೋ ನೋಡ್ತೀನಿ ಕಣ್ಲಾ. ಕೊಟ್ಟಿಗೆ ಬಾಗ್ಲು ತೆಗ್ದೇ ಇಕ್ಕಿರ್ತೀನಿ," ಎಂದು ಪಟೇಲರು ಹೇಳಿ ಕಳಿಸಿದ್ದರಂತೆ. ನಮ್ಮ ಮಳಿಗೆಯ ವಾರದ ಲೋಡೊಂದೇ ಅವನಿಗೆ ಕಾಯಂ ಕೆಲಸ. ಮೊದಲನೇ ವಾರ ರಿಜಿಸ್ಟರಿನ ವಿಷಯ ತಿಳಿಸಿದಾಗ ಅವನು ಹೇಳಿದ್ದು ಇಷ್ಟು:

"ಈ ಲೋಡು ಇರೋಗಂಟ ನನ್ನೆತ್ತಿನ ಇಂದೆ ಓಯ್ತೀನಿ ಸಾ. ಇದು ತಪ್ಪೋದ್ರೆ ಪಟೇಲರ ಎತ್ತಿನ ಇಂದೆ. ವಸಿ ನೋಡಿ ಬರೀರಿ."

"ನಾನು ನೋಡಿ ಬರೆಯೋದಲ್ಲ, ಚೀಟಿ ನೋಡಿ ಬರೆಯೋದು," ಎಂದೆ. ಆಗ ಅದು ನ್ಯಾಯದ ಮಾತು ಎಂದೇ ನಂಬಿದ್ದೆ.

ಸೋಮವಾರ ಸೋಮವಾರ ನಾಲ್ವರ ಲೆಕ್ಕವನ್ನೂ ಮಳಿಗೆಯ ಮುಂದೆ ಗಟ್ಟಿಯಾಗಿ ಓದಬೇಕೆಂದು ಯಜಮಾನರ ಅಪ್ಪಣೆ. ನಾಚಿಕೆಯಾದರೆ ಬುದ್ಧಿ ಬರುತ್ತದೆಂದು ಅವರ ಎಣಿಕೆ. ನಾನು ಹೊಸಿಲ ಮೇಲೆ ನಿಂತು ಓದುತ್ತಿದ್ದೆ. ರೈಲು, ಕಪ್ಪು. ಬಸ್ಸು, ಕಪ್ಪು. ಲಾರಿ, ಒಂದು ವಾರ ಕೆಂಪು, ಎರಡು ವಾರ ಕಪ್ಪು. ಗಾಡಿ, ಕೆಂಪು. ಮುಂದಿನ ವಾರ ಗಾಡಿ, ಕೆಂಪು. ಅದರ ಮುಂದಿನ ವಾರವೂ ಕೆಂಪು. ಸಹಿಯ ಹೊತ್ತು ಒಂಬತ್ತು ಇಪ್ಪತ್ತು, ಒಂಬತ್ತೂವರೆ, ಒಂಬತ್ತು ನಲವತ್ತು.

"ಎತ್ಗೆ ಪೆಟ್ರೋಲ್ ಕುಡ್ಸೋ ಲೇ," ಎನ್ನುತ್ತಿದ್ದ ಲಾರಿ ಡ್ರೈವರ್. ಬಸ್ಸಿನ ಕಂಡಕ್ಟರ್ ಬೀಡಿ ಹೊಗೆ ಬಿಡುತ್ತಾ, "ಬುಡಣ್ಣೋ, ಮಾವನ ಮನೇಲಿ ಮುದ್ದೆ ಉಂಡು ಮಲಗಿರ್ತಾನೆ," ಎನ್ನುತ್ತಿದ್ದ. ಹಮಾಲಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಮೂರನೇ ತಿಂಗಳ ಹೊತ್ತಿಗೆ ಗಾಡಿಯವನ ಸಾಲು ಬಂದಾಗ ಸ್ವಲ್ಪ ನಿಲ್ಲಿಸಿ, ಎಲ್ಲರ ಮುಖ ನೋಡಿ, ಆಮೇಲೆ ರಾಗವಾಗಿ ಓದುವುದನ್ನು ರೂಢಿಸಿಕೊಂಡಿದ್ದೆ. ನಗಿಸುವುದು ಬರುತ್ತದೆಂದು ಗೊತ್ತಾದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ.

ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಯಾಕೋ ತಡ ಎಂದು ನಾನು ಕೇಳಿದರೆ, "ಸೈನ್ ಆಗಾದು ಅಷ್ಟೊತ್ತಾಯ್ತದೆ ಸಾ," ಎನ್ನುತ್ತಿದ್ದ. ಅದನ್ನು ನಾನು ನೆಪ ಎಂದುಕೊಂಡೆ. ಅವನಾದರೂ ಬಿಡಿಸಿ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಾದರೂ ಇದೆ ಎಂದು ಅವನಿಗೇ ಹೊಳೆದಿರಲಾರದು.

ಅವನಿಗೆ ಹೊಳೆದದ್ದು ಎತ್ತನ್ನು ಜೋರಾಗಿ ಹೊಡೆಯುವುದು. ಮೊದಲು ಹಾಸನದಿಂದ ಸಂಜೆ ನಾಲ್ಕಕ್ಕೆ ಹೊರಡುತ್ತಿದ್ದವನು ಮೂರಕ್ಕೆ ಹೊರಟ, ಆಮೇಲೆ ಎರಡಕ್ಕೆ. ದಾರಿಯಲ್ಲಿ ಎತ್ತು ಬಿಚ್ಚುವುದನ್ನು ನಿಲ್ಲಿಸಿದ. ಬಾರುಕೋಲಿನ ತುದಿಗೆ ಮೊಳೆ ಕಟ್ಟಿದ. ಎಡಗಡೆಯ ಎತ್ತಿನ ಹೆಗಲು ಒಡೆದು ನೊಣ ಮುತ್ತಿಕೊಂಡಿತು. ಅಷ್ಟಾದರೂ ಚೀಟಿಯಲ್ಲಿ ಒಂಬತ್ತೂವರೆಯೇ. ಒಂದು ಗಂಟೆ ಮುಂಚೆ ಹೊರಟರೂ ಎರಡು ಗಂಟೆ ಮುಂಚೆ ಹೊರಟರೂ ಸಹಿಯ ಹೊತ್ತು ಒಂದಂಗುಲ ಸರಿಯದಿದ್ದುದು ಯಾವ ದಡ್ಡನಿಗಾದರೂ ಅನುಮಾನ ತರಿಸಬೇಕಿತ್ತು. ನನಗೆ ತರಿಸಿದ್ದು ಐದನೇ ತಿಂಗಳಿನಲ್ಲಿ, ಅದೂ ಇನ್ಸ್‌ಪೆಕ್ಟರು ಕೇಳಿದರೆ ಏನು ಉತ್ತರ ಕೊಡಲಿ ಎಂಬ ಹೆದರಿಕೆಯಿಂದ.

ನನ್ನ ಭಾವನ ಮನೆ ಅರಕಲಗೂಡಿನಲ್ಲೇ ಇತ್ತು. ಸಂತೆಯ ಹಿಂದಿನ ದಿನ ಹೋಗಿ ಉಳಿದು, ಬೆಳಿಗ್ಗೆ ಆರೂವರೆಗೆಲ್ಲ ಕೊಡೆ ಹಿಡಿದುಕೊಂಡು ಸಂತೆ ಬೀದಿಗೆ ಹೋದೆ. ಗಾಡಿ ಅಂಗಡಿಯ ಮುಂದೆ ನಿಂತಿತ್ತು. ಎತ್ತುಗಳನ್ನು ಬಿಚ್ಚಿ ಕಟ್ಟಿದ್ದ, ಅವು ಹುಲ್ಲು ತಿಂದು ಮುಗಿಸಿ ಮೆಲುಕು ಹಾಕುತ್ತಿದ್ದವು. ಬಂದು ಎಷ್ಟು ಹೊತ್ತಾಗಿದೆ ಎಂದು ತಿಳಿಯಲು ನೆಲದ ಮೇಲಿದ್ದ ಸಗಣಿ ನೋಡಿದರೆ ಸಾಕಿತ್ತು. ಅವನು ಬೀದಿಯ ಆಚೆ ಬದಿಯಲ್ಲಿ, ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ.

ನಾನು ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತೆ. ಏಳಕ್ಕೆ ಅಂಗಡಿಯವರು ಬಾಗಿಲು ತೆಗೆದರು. ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿದು ಕುಳಿತರು. ಗಾಡಿ ಅವರ ಮೂಗಿನ ನೇರಕ್ಕಿತ್ತು. ಅದರ ಕಡೆ ನೋಡಲೂ ಇಲ್ಲ. ಕೊಣನೂರಿನ ಕಡೆಯ ಗಿರಾಕಿಗಳು ಬಂದರು, ವ್ಯಾಪಾರ ಆಯಿತು. ಎಂಟು ಹೊಡೆಯಿತು. ಎಂಟೂಮುಕ್ಕಾಲಿಗೆ ಬಸ್ಸು ಬಂತು. ಕಂಡಕ್ಟರ್ ಪೆಟ್ಟಿಗೆಗಳನ್ನು ಮೇಲಿನಿಂದಲೇ ಇಳಿಸಿ, ನೇರ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ, ಅಂಗಡಿಯವರ ಪಕ್ಕದಲ್ಲೇ ಕುಳಿತು ಕಾಫಿ ಕುಡಿದ. ಸಹಿ ಹಾಕಿಸಿಕೊಳ್ಳಲಿಲ್ಲ. ಯಾಕೆಂದರೆ, ಹೋಟೆಲಿನವನು ಹೇಳಿದ ಹಾಗೆ, ಆಗಲೇ ಹಾಕಿಸಿಕೊಂಡಿದ್ದ. ಬಸ್ಸಿಗೆಂದು ನಾನು ತಿಂಗಳಿಗೊಮ್ಮೆ ಕಟ್ಟಾಗಿ ಕೊಟ್ಟಿಡುತ್ತಿದ್ದ ಚೀಟಿಗಳಿಗೆಲ್ಲ ಒಂದೇ ಸಲ ಸಹಿ, ಎಲ್ಲದರ ಮೇಲೂ ಏಳೂವರೆ. ಬಸ್ಸು ಏಳೂವರೆಗೆ ಬರಬೇಕೆಂದು ಬೋರ್ಡಿನ ಮೇಲಿದೆಯಲ್ಲ, ಅದಕ್ಕೆ.

ಗಾಡಿಯವನು ಇನ್ನೂ ಚರಂಡಿಯ ಪಕ್ಕದಲ್ಲೇ ಇದ್ದ. ಅಂಗಡಿಯವರ ಆಳು ಮನೆಯಿಂದ ಉಂಡು ಬರುವುದು ಒಂಬತ್ತು ದಾಟಿದ ಮೇಲೆ. ಇವನು ಮುಟ್ಟಿದ ಪೆಟ್ಟಿಗೆಯನ್ನು ಇವನೇ ಒಳಗೆ ತರಕೂಡದು. ಆ ಆಳು ಬಂದು, ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸಿ ಒಳಗೆ ಹೊರಬೇಕು. ಅವತ್ತೂ ಅದೆಲ್ಲ ಮುಗಿದ ಮೇಲೆ ಇವನು ಚೀಟಿಯನ್ನು ಮೆಟ್ಟಿಲ ಮೇಲಿಟ್ಟು, ಹಾರದಂತೆ ಒಂದು ಕಲ್ಲಿಟ್ಟು, ಹಿಂದೆ ಸರಿದ. ಆಳು ಅದನ್ನು ಎತ್ತಿ ಕೊಟ್ಟ. ಅಂಗಡಿಯವರು ಗೋಡೆ ಗಡಿಯಾರದ ಕಡೆ ಕತ್ತೆತ್ತಿ ನೋಡಿ, ನಿಧಾನವಾಗಿ ಬರೆದರು. ಒಂಬತ್ತು ಮೂವತ್ತೈದು.

ಚೀಟಿ ಮತ್ತೆ ಮೆಟ್ಟಿಲಿಗೆ ಬಂತು. ಅದನ್ನು ತೆಗೆದುಕೊಳ್ಳಲು ಬಗ್ಗಿದವನು ತಲೆ ಎತ್ತಿದಾಗ ನನ್ನನ್ನು ಕಂಡ. ಅವನ ಮುಖದಲ್ಲಿ ಬಂದ ಗೆಲುವನ್ನು ನಾನು ಹೇಗೆ ಹೇಳಲಿ. ಹೆಗಲ ಮೇಲಿನ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿ ದಾಟಿ ಬಂದ. "ನೋಡುದ್ರಲ್ಲ ಸಾ," ಎಂದ. "ನೀವೇ ನೋಡುದ್ರಲ್ಲ. ಸದ್ಯ!"

ನನಗೆ ನಾಚಿಕೆಯಾಯಿತು ಎಂದು ಬರೆದರೆ ಅದು ಈಗಿನ ಮಾತಾಗುತ್ತದೆ. ಆಗ ನನಗೆ ಬಂದದ್ದು ಸಿಟ್ಟು. ಐದು ತಿಂಗಳು ಒಂದು ಅಕ್ಷರ ತಿದ್ದದೆ ಬರೆದ ರಿಜಿಸ್ಟರು ಹಾಳಾಯಿತಲ್ಲ ಎಂಬ ಸಿಟ್ಟು. ಅದಕ್ಕಿಂತ ಹೆಚ್ಚಿನ ಇನ್ನೊಂದು ಕಸಿವಿಸಿ ಇತ್ತು. ಹಾಸನದಲ್ಲಿ ಅವನು ತಂದ ಚೀಟಿಯನ್ನು ನಾನು ತೆಗೆದುಕೊಳ್ಳುತ್ತಿದ್ದುದು ಹೇಗೆ? ಕಿಟಕಿಯ ಕಟ್ಟೆಯ ಮೇಲೆ ಇಡಿಸಿ, ರೂಲುದೊಣ್ಣೆಯಿಂದ ಎಳೆದುಕೊಳ್ಳುತ್ತಿದ್ದೆ. ನಾನು ಅದಕ್ಕೆ ಗಡಿಯಾರ ನೋಡಿ ಹೊತ್ತು ಬರೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಂಗಡಿಯವರ ಹತ್ತಿರ ಹೋಗಿ ಮೆಲ್ಲಗೆ ವಿಷಯ ತೆಗೆದೆ. ಅವರು ಕೆಟ್ಟ ಮನುಷ್ಯರಲ್ಲ. ತೂಕದಲ್ಲಿ ಒಂದು ಗುಲಗಂಜಿ ಮೋಸ ಮಾಡಿದವರಲ್ಲ.

"ಗುಮಾಸ್ತ್ರೇ, ನಿಮ್ಮ ಚೀಟೀಲಿ ಏನು ಕೇಳೀರಿ? ಸಹಿಯ ಒತ್ತು. ನಾನು ಸಹಿ ಆಕುದ್ದು ಎಷ್ಟೊತ್ಗೆ? ಒಂಬತ್ತು ಮೂವತ್ತೈದು. ಒಂದು ನಿಮಿಷ ಎಚ್ಚು ಬರ್ದಿದ್ರೆ ಕೇಳಿ."

"ಅವನು ಕೋಳಿ ಕೂಗೋ ಹೊತ್ತಿಗೇ ಬಂದಿದ್ದನಲ್ಲ?"

"ಬಂದಿರ್ಬೌದು. ಅದುನ್ನ ಬರ್ಯೋಕೆ ನಿಮ್ಮ ಚೀಟೀಲಿ ಜಾಗ ಎಲ್ಲೈತೆ?"

ಹೌದು, ಇರಲಿಲ್ಲ. ಬಸ್ಸಿನ ಚೀಟಿಗಳ ಮಾತೆತ್ತಿದೆ. ಅವರು ನಕ್ಕು, "ಅವನೇನು ಕಾಯ್ತಾ ಕೂರ್ತಾನಾ? ಬಸ್ಸು ತುಂಬ ಜನ ಇರ್ತಾರಲ್ರೀ," ಎಂದರು. ನನಗೂ ಒಂದು ಕಾಫಿ ತರಿಸಿದರು. ಕುಡಿದು ಬಂದೆ.

ಮಾರನೇ ದಿನ ಯಜಮಾನರಿಗೆ ಎಲ್ಲ ಹೇಳಿದೆ. ಅದೊಂದು ನಾನು ಮಾಡಿದ ಒಳ್ಳೆಯ ಕೆಲಸ, ಅದನ್ನೂ ಅರ್ಧಕ್ಕೆ ಬಿಟ್ಟೆ. 'ಬಂದ ಹೊತ್ತು' ಎಂದು ಇನ್ನೊಂದು ಕಾಲಂ ಹಾಕೋಣವೇ ಎಂದೆ.

"ಅದುನ್ನ ಬರ್ಯೋರ್ ಯಾರು? ಅವುನ್ಗೆ ಅಕ್ಷರ ಬರಲ್ಲ. ಅಂಗಡಿಯೋರು ಬಾಗ್ಲೇ ತೆಗ್ದಿರಲ್ಲ. ಎತ್ತಿನ ಕೈಲಿ ಸಾಕ್ಷಿ ಏಳುಸ್ತೀಯಾ?" ಎಂದು ಯಜಮಾನರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೋಡಯ್ಯಾ. ಆ ಅಂಗಡಿಯೋರ್ನ ನಾನು ಕಳ್ಕೊಳಕ್ಕಾಗಲ್ಲ. ಗಾಡಿ ಓದ್ರೆ ಇನ್ನೊಂದು ಗಾಡಿ ಬತ್ತದೆ. ಈಗ ತಿದ್ದಾಕ್ಕೋದ್ರೆ ಬುಕ್ಕೇ ಸುಳ್ಳು ಅಂತಾನೆ ಆ ಇನ್ಸ್‌ಪೆಕ್ಟ್ರು. ಡಿಪೋ ಬ್ಯಾಡ್ವಾ ನಿನ್ಗೆ?" ಎಂದರು.

ನನಗೆ ಬೇಕಿತ್ತು. ಮನೆಯಲ್ಲಿ ಹೆಂಡತಿಗೆ ಆಗಲೇ ಹೇಳಿಬಿಟ್ಟಿದ್ದೆ. ಅವಳು ತನ್ನ ತವರಿಗೆ ಬರೆದುಬಿಟ್ಟಿದ್ದಳು. ಆ ವಾರದ ಒಂಬತ್ತು ಮೂವತ್ತೈದನ್ನು ಕೆಂಪು ಮಸಿಯಲ್ಲಿ ಏರಿಸಿದೆ, ಬಸ್ಸಿನ ಏಳೂವರೆಯನ್ನು ಕಪ್ಪಿನಲ್ಲಿ. ಸೋಮವಾರ ಗಟ್ಟಿಯಾಗಿ ಓದಿಯೂ ಓದಿದೆ. ಗಾಡಿಯವನು ಅವತ್ತು ತಲೆ ತಗ್ಗಿಸಲಿಲ್ಲ. ನನ್ನನ್ನೇ ನೋಡುತ್ತಿದ್ದ, ಏನೋ ಉಪಾಯ ಮಾಡಿಟ್ಟುಕೊಂಡಿದ್ದಾರೆ ಗುಮಾಸ್ತರು ಎಂಬಂತೆ.

ಆರು ತಿಂಗಳಿಗೆ ಸರಿಯಾಗಿ ಇನ್ಸ್‌ಪೆಕ್ಟರು ಬಂದರು. ರಿಜಿಸ್ಟರನ್ನು ಹಾಳೆ ಹಾಳೆಯಾಗಿ ತಿರುವಿದರು. ಇಷ್ಟು ಶುದ್ಧವಾದ ಪುಸ್ತಕವನ್ನು ಮೈಸೂರಿನಲ್ಲೂ ನೋಡಿಲ್ಲ ಎಂದರು. ಯಜಮಾನರು ನನ್ನ ಬೆನ್ನು ತಟ್ಟಿದರು. ಸಾಗಿಸುವವರನ್ನೆಲ್ಲ ಕರೆಸಿ ಅಂಗಳದಲ್ಲಿ ನಿಲ್ಲಿಸಿ, ಕೊನೆಯ ಸಲ ಒಟ್ಟು ಲೆಕ್ಕ ಓದಿಸಿದರು. ಗಾಡಿಯವನು ಒಂದೇ ಒಂದು ವಾರ ಕಪ್ಪಿನಲ್ಲಿದ್ದ. ಆ ವಾರ ಅಂಗಡಿಯವರ ಆಳು ಯಾಕೋ ಬೇಗ ಬಂದಿದ್ದನಂತೆ. ಇನ್ಸ್‌ಪೆಕ್ಟರು ಪದ್ಧತಿಗೆಂದು ಕೇಳಿದರು, ಯಾರಿಗಾದರೂ ಹೇಳುವುದಿದೆಯೇ ಎಂದು.

ಲಾರಿ ಡ್ರೈವರ್ ಕೆಮ್ಮಿದ. ಗಾಡಿಯವನು ಒಂದು ಹೆಜ್ಜೆ ಮುಂದೆ ಬಂದ.

"ನಾನು ತಡ ಮಾಡ್ನಿಲ್ಲ ಸಾ. ಒಂದ್ಸಲಾನೂ ಮಾಡ್ನಿಲ್ಲ. ಬೆಳಕು ಅರಿಯೋ ಮುಂಚೆ ಅಂಗ್ಡಿ ಮುಂದೆ ಇರ್ತೀನಿ. ಅವ್ರು ಮುಟ್ಟುಸ್ಕೊಳೋದು ತಡ. ಗುಮಾಸ್ತ್ರು ಕಣ್ಣಾರೆ ನೋಡವ್ರೆ, ಕೇಳಿ."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ನೋಡಿದಿರಾ?"

ಅಂಗಳದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಯಜಮಾನರು ನನ್ನನ್ನು ನೋಡಲಿಲ್ಲ, ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಕಂಡಕ್ಟರ್ ಬೀಡಿಯನ್ನು ಕಾಲಲ್ಲಿ ಹೊಸಕಿದ. ನಾನು ಯೋಚಿಸಿದ್ದು ಏನನ್ನು ಎಂದು ಈಗಲೂ ಚೆನ್ನಾಗಿ ನೆನಪಿದೆ. ಹೌದೆಂದರೆ ಈ ಪುಸ್ತಕದ ಗತಿ ಏನು ಎಂದು ಯೋಚಿಸಿದೆ. ಆ ಮನುಷ್ಯನ ಗತಿ ಏನು ಎಂದು ಯೋಚಿಸಲಿಲ್ಲ.

"ಇಲ್ಲ ಸಾರ್. ಅವತ್ತು ನಾನು ನಮ್ಮ ಭಾವನ ಮನೇಲಿದ್ದೆ," ಎಂದೆ.

ಅವನು ನನ್ನ ಮೇಲೆ ರೇಗುತ್ತಾನೆ, ಮಣ್ಣು ತೂರುತ್ತಾನೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. "ಸರಿ ಬುಡಿ ಸಾ," ಎಂದ. "ನೋಡ್ದೋರು ನೀವೊಬ್ರೇ ಇದ್ರಿ."

ಅವನ ಗಾಡಿಗೆ ಆ ದಿನದ ಲೋಡು ಆಗಲೇ ಏರಿತ್ತು. ಇಳಿಸಲು ಹಮಾಲಿಗಳಿಗೆ ಬೇಸರ. ಇದೊಂದು ಹೋಗಲಿ, ಮುಂದಿನ ವಾರದಿಂದ ಎಲ್ಲ ಬಸ್ಸಿಗೇ ಎಂದರು ಯಜಮಾನರು. ಬಿಟ್ಟು ಹೋಗುತ್ತಾನೆ, ಅಥವಾ ದಾರಿಯಲ್ಲಿ ಎಲ್ಲಾದರೂ ಚೆಲ್ಲುತ್ತಾನೆ ಎಂದು ನನಗೆ ಅನುಮಾನ. ಅವನು ಹಗ್ಗ ಬಿಗಿದು, ಪೆಟ್ಟಿಗೆಗಳನ್ನು ಎಣಿಸಿ, ಚೀಟಿ ಕೇಳಿದ. ಹೊರಟ ಹೊತ್ತು ಬರೆದು ಕಟ್ಟೆಯ ಮೇಲಿಟ್ಟೆ. ತೆಗೆದುಕೊಂಡು ಹೋದ.

ಚೀಟಿ ವಾಪಸು ತಂದುಕೊಟ್ಟವನು ಬಸ್ಸಿನ ಕಂಡಕ್ಟರ್. "ಮಾಲೆಲ್ಲ ಸರಿಯಾಗೈತಂತೆ ಸಾ. ಚೀಟಿ ನನ್ ಕೈಗೆ ಕೊಟ್ಟು, ಎತ್ತು ಗಾಡಿ ಎಲ್ಲ ಪಟೇಲರ ಮನೆ ಕಡೀಗೆ ಒಡ್ಕೊಂಡೋದ. ಬಸ್ನಿಂದ ನೋಡ್ದೆ, ಎತ್ತ್ನ ಅವ್ರ ಕೊಟ್ಟಿಗೇಲಿ ಕಟ್ತಿದ್ದ," ಎಂದ. ಅದನ್ನು ಹೇಳುವಾಗ ಅವನೂ ನಗಲಿಲ್ಲ.

ಚೀಟಿಯಲ್ಲಿ ಒಂಬತ್ತು ಐವತ್ತು ಎಂದಿತ್ತು. ಸಂಜೆ ಯಜಮಾನರು ಇನ್ಸ್‌ಪೆಕ್ಟರಿಗೆ ಕಳಿಸಬೇಕಾದ ಒಟ್ಟು ಲೆಕ್ಕ ಕೇಳಿದರು. ಗಾಡಿಯ ತಡ ಒಂದು ಹೆಚ್ಚಾಗಿದೆ ಎಂದು ಹೇಳಿ, ಬರೆದು ಕೊಟ್ಟೆ.